ಇದು ಯಾವ ಕೆಲಸದ್ದು? ಹಳೆಯ ಕೈ ಉಪಕರಣಗಳನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಹಳೆಯ ಪೆಟ್ಟಿಗೆಯ ತಳದಲ್ಲೋ ಗುಜರಿ ರಾಶಿಯಲ್ಲೋ ಒಂದು ವಿಚಿತ್ರ ಸಾಮಾನು ಕೈಗೆ ಸಿಗುತ್ತದೆ. ನೋಡಲು ಇಕ್ಕಳ, ಆದರೆ ಹಿಡಿ ಅದುಮಿದರೆ ಬಾಯಿ ತೆರೆದುಕೊಳ್ಳುತ್ತದೆ. ನೋಡಲು ಚಾಕು, ಆದರೆ ತುದಿ ಸುರುಳಿ ಸುತ್ತಿ ಒಳಕ್ಕೆ ಬಾಗಿದೆ. ನೋಡಲು ಸ್ಕೇಲು, ಆದರೆ ಬೇರೆ ಯಾವ ಸ್ಕೇಲಿಗೂ ತಾಳೆಯಾಗುವುದಿಲ್ಲ. ಈ ಮೂರರಲ್ಲಿ ಯಾವುದೂ ಕೆಟ್ಟದ್ದಲ್ಲ. ಒಂದೊಂದನ್ನೂ ಒಂದು ಖಾಸಾ ಕೆಲಸಕ್ಕೆಂದೇ ಮಾಡಿದ್ದಾರೆ. ಆ ಕೆಲಸ ಈಗ ಕಣ್ಣಿಗೆ ಬೀಳುವುದು ಕಡಿಮೆ, ಸಾಮಾನು ಉಳಿದಿದೆ, ಅಷ್ಟೆ.

ಇಂಥದ್ದು ಸಿಕ್ಕಾಗ ಎಲ್ಲರೂ ಮೊದಲು ಹೆಸರು ಹುಡುಕಲು ಹೊರಡುತ್ತಾರೆ. ನನ್ನ ಪ್ರಕಾರ ಹೆಸರು ಕೊನೆಗೆ ಬರಬೇಕು. ಕೈ ಎಲ್ಲಿ ಕೂರುತ್ತದೆ, ಬಲ ಎಲ್ಲಿಂದ ಬರುತ್ತದೆ, ಯಾವ ತುದಿ ಯಾವ ವಸ್ತುವಿಗೆ ತಾಗುತ್ತದೆ ಅನ್ನುವುದು ಮೊದಲು. ಒಂದು ನಿಯಮವನ್ನು ಮಾತ್ರ ಕೊನೆಯವರೆಗೂ ಬಿಡಬೇಡಿ: ನೀವು ಕೊಡುವ ಉತ್ತರ ಆ ಸಾಮಾನಿನ ಪ್ರತಿಯೊಂದು ಭಾಗಕ್ಕೂ ಕಾರಣ ಹೇಳಬೇಕು. ಒಂದು ರಂಧ್ರವೋ ಗುಬುಟೋ ಯಾಕಿದೆ ಅಂತ ಹೇಳಲು ಆಗದಿದ್ದರೆ ಉತ್ತರ ಇನ್ನೂ ಸಿಕ್ಕಿಲ್ಲ ಅಂತಲೇ ತಿಳಿಯಿರಿ. ಕೆಲಸಗಾರ ಸುಮ್ನೆ ಏನನ್ನೂ ಸೇರಿಸುವುದಿಲ್ಲ.

ಹಂತ 1: ಮೊದಲು ಉಜ್ಜಬೇಡಿ

ತುಕ್ಕು ಕಂಡ ಕೂಡಲೇ ವೈರ್ ಬ್ರಶ್ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ದಯವಿಟ್ಟು ತಡೆಯಿರಿ. ಸಾಕ್ಷಿ ಬಹಳಷ್ಟು ಮೇಲ್ಮೈಯಲ್ಲೇ ಇರುತ್ತದೆ. ಸಂದಿಯಲ್ಲಿ ಅಂಟಿದ ಮೇಣ ಚರ್ಮದ ಹೊಲಿಗೆಯ ಕಡೆ ಕೈ ತೋರಿಸುತ್ತದೆ. ಡಾಂಬರಿನ ಕಪ್ಪು ಇದ್ದರೆ ದೋಣಿ, ಹಡಗು, ಹಗ್ಗದ ಕೆಲಸ ಇರಬಹುದು. ಬಿಳಿ ಪುಡಿ ಗಾರೆಯದ್ದೋ ಸುಣ್ಣದ್ದೋ ಆಗಿರಬಹುದು, ಶಾಯಿ ಕಂಡರೆ ಅಚ್ಚಿನ ಮನೆ ನೆನಪಾಗಬೇಕು. ಒಮ್ಮೆ ಉಜ್ಜಿದರೆ ಇದೆಲ್ಲ ಹೋಯಿತು.

ಮೃದುವಾದ ಒಣ ಬ್ರಶ್‌ನಿಂದ ಧೂಳು ಮಾತ್ರ ತೆಗೆಯಿರಿ. ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಉದ್ದ, ಅಲಗಿನ ಅಗಲ, ಬಾಯಿ ಎಷ್ಟು ತೆರೆಯುತ್ತದೆ, ತೂಕ ಎಷ್ಟು ಅಂತ ಬರೆದಿಡಿ. ಆಮೇಲೆ ಅಕ್ಷರ ಇರಬಹುದು ಅನ್ನಿಸುವ ಜಾಗಕ್ಕೆ ಮಾತ್ರ ಸ್ವಲ್ಪ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ತಾಗುವಷ್ಟು ವಾರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಮುದ್ರೆಯೂ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜುವುದೂ ಒಳ್ಳೆಯ ಉಪಾಯ.

ಎರಡು ಎಚ್ಚರಿಕೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಒಣಗಿದ ಹಾಗೇ ಉಜ್ಜಿ ಪುಡಿ ಎಬ್ಬಿಸಬೇಡಿ. ತುಕ್ಕು ಹಿಡಿದ ಅಲಗು ಮೊಂಡಾಗಿದೆ ಅಂತ ನಂಬಿ ಬೆರಳಿಟ್ಟು ನೋಡಬೇಡಿ.

ಹಂತ 2: ಕೈ ಎಲ್ಲಿ ಕೂರುತ್ತದೆ ನೋಡಿ

ಇದು ನಿಜಕ್ಕೂ ಕೈ ಉಪಕರಣವೇ ಅನ್ನುವುದು ಮೊದಲ ಪ್ರಶ್ನೆ. ಹಿಡಿಯಲು ಜಾಗವಿಲ್ಲ, ಕಾವು ತೂರಿಸುವ ತೂತಿಲ್ಲ, ಬದಲಿಗೆ ಬೋಲ್ಟ್ ಹಾಕುವ ತೂತುಗಳಿವೆ ಅಂದರೆ ಯಾವುದೋ ಯಂತ್ರದ ಬಿಡಿಭಾಗ ಇರುವ ಸಾಧ್ಯತೆ ಜಾಸ್ತಿ. ಎರಕದಲ್ಲೇ ಉಬ್ಬಿ ಬಂದ ಒಂದು ಅಕ್ಷರ, ಮೂರ್ನಾಲ್ಕು ಅಂಕಿ ಇದ್ದರೆ ಅದು ಬಿಡಿಭಾಗದ ನಂಬರ್ ಇರಬಹುದು. ಆದರೆ ಬೇಸಾಯದ ಯಂತ್ರಗಳ ಜೊತೆ ಕೊಡುತ್ತಿದ್ದ ಎರಕದ ಸ್ಪ್ಯಾನರ್‌ಗಳ ಮೇಲೂ ಇಂಥದ್ದೇ ನಂಬರ್ ಇರುತ್ತದೆ. ಹಾಗಾಗಿ ನಂಬರ್ ನೋಡಿ ಮಾತ್ರ ತೀರ್ಮಾನ ಬೇಡ.

ಹಿಡಿ ಬಹಳ ಮಾತಾಡುತ್ತದೆ. ಮರದ ಹಿಡಿಯ ತುದಿಗೆ ಕಬ್ಬಿಣದ ಬಳೆ ಇದ್ದರೆ ಅದಕ್ಕೆ ಕೊಡತಿಯಿಂದ ಹೊಡೆಯುತ್ತಿದ್ದರು, ಮರ ಸೀಳಬಾರದು ಅಂತ ಬಳೆ. ಬಳೆಯಿಲ್ಲದೆ ನಯವಾಗಿ ಗುಂಡಗಿದ್ದರೆ ಅಂಗೈಯಿಂದ ತಳ್ಳುತ್ತಿದ್ದರು. ಇಂಗ್ಲಿಷಿನ ಟಿ ಆಕಾರದ ಹಿಡಿ ಅಂದರೆ ತಿರುಗಿಸುವ ಕೆಲಸ. ಹಿಂಬದಿಯಲ್ಲಿ ಅಗಲವಾದ ತಟ್ಟೆ ಇದ್ದರೆ ಎದೆಯಿಂದ ಅದುಮುವ ಡ್ರಿಲ್. ಅಣಬೆಯಾಕಾರದ ಗಿಡ್ಡ ಹಿಡಿ, ಅದರ ಒಂದು ಪಕ್ಕ ಚಪ್ಪಟೆ ಅಂದರೆ ಲೋಹದ ಮೇಲೆ ಗೆರೆ ಕೊರೆಯುವ ಉಳಿ. ತಗಡಿನ ಮೇಲೆ ಅದನ್ನು ಆದಷ್ಟು ಮಲಗಿಸಿ ಹಿಡಿಯಬೇಕಲ್ಲ, ಅದಕ್ಕೇ ಆ ಪಕ್ಕ ಸವರಿರುತ್ತಾರೆ. ಕುತ್ತಿಗೆ ಮೇಲಕ್ಕೆ ಬಾಗಿದ ಉಳಿಯಾದರೆ, ಅಗಲ ಹಲಗೆಯ ನಡುವೆ ಕೆಲಸ ಮಾಡುವಾಗ ಬೆರಳು ತಾಗದಿರಲಿ ಅನ್ನುವ ಲೆಕ್ಕ.

ಕೈ ಹಿಡಿದು ನೋಡಿ. ಎಳೆಯಲು ಸಲೀಸೋ, ತಳ್ಳಲೋ, ತಿರುಗಿಸಲೋ? ಮೈ ತಾನೇ ಒಂದು ದಿಕ್ಕು ಹೇಳುತ್ತದೆ.

ಹಂತ 3: ಕೆಲಸ ಮಾಡುವ ತುದಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ.

ಅಲಗು ಇದ್ದರೆ ಅದನ್ನು ಒಂದೇ ಕಡೆ ಸಾಣೆ ಹಿಡಿದಿದ್ದಾರೋ ಎರಡೂ ಕಡೆಯೋ ನೋಡಿ. ಎರಡೂ ಕಡೆ ಇಳಿಜಾರಿದ್ದರೆ ಕಡಿಯಲು, ಸೀಳಲು. ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಪೂರ್ತಿ ಚಪ್ಪಟೆ ಇದ್ದರೆ ಮೇಲ್ಮೈಯನ್ನು ಸಮ ಮಾಡಲು. ದಿಮ್ಮಿಯನ್ನು ಚೌಕ ತೊಲೆ ಮಾಡುವ ಅಗಲ ಕೊಡಲಿ ಹೀಗಿರುತ್ತದೆ. ಅದರ ಕಾವು ಪಕ್ಕಕ್ಕೆ ಬಾಗಿದ್ದರೆ ಸೊಟ್ಟಗಾಗಿದೆ ಅಂದುಕೊಳ್ಳಬೇಡಿ. ಹೊಡೆಯುವಾಗ ಗೆಣ್ಣು ದಿಮ್ಮಿಗೆ ಉಜ್ಜದಿರಲಿ ಅಂತ ಬಾಗಿಸಿದ್ದು.

ಎರಡು ಹಿಡಿಗಳ ನಡುವೆ ನೇರ ಅಲಗು ಇದ್ದರೆ ಮರವನ್ನು ತನ್ನ ಕಡೆ ಎಳೆದು ಹೆರೆಯುವ ಡ್ರಾನೈಫ್. ಅದೇ ಅಲಗು ಅರ್ಧ ಚಂದ್ರವಾಗಿ ಬಾಗಿದ್ದರೆ ಕುರ್ಚಿಯ ಕೂರುವ ಹಲಗೆಯನ್ನೋ ಪೀಪಾಯಿಯ ಒಳಮೈಯನ್ನೋ ಹೆರೆಯಲು. ಅಲಗಿಗೂ ಹಿಡಿಗೂ ನೇರ ಕೋನ ಇದ್ದು, ಅಲಗು ಮೊಂಡಾಗಿ, ಬೆನ್ನು ದಪ್ಪವಾಗಿದ್ದರೆ ಅದು ಫ್ರೋ. ಮುರಿದ ಕತ್ತಿ ಅಂತ ಎಷ್ಟೋ ಫ್ರೋಗಳನ್ನು ಎಸೆದಿದ್ದಾರೆ. ಅದು ಹರಿತ ಇರಬೇಕಾಗಿಯೇ ಇಲ್ಲ. ಮರದ ತುಂಡಿನ ತಲೆಯ ಮೇಲಿಟ್ಟು ಬೆನ್ನಿಗೆ ಕೊಡತಿಯಿಂದ ಹೊಡೆಯುತ್ತಾರೆ, ಆಮೇಲೆ ಹಿಡಿಯನ್ನು ಮೀಟಿದರೆ ಮರ ತನ್ನ ಎಳೆಯ ಗುಂಟ ಸೀಳಿಕೊಂಡು ಹೋಗುತ್ತದೆ. ಬೆನ್ನಿನ ಅಂಚು ಏಟು ತಿಂದು ಮಡಚಿದ್ದರೆ ಅನುಮಾನವೇ ಬೇಡ.

ಮೊದಲು ಹೇಳಿದ ಸುರುಳಿ ತುದಿಯ ಚಾಕು ಕುದುರೆಯ ಗೊರಸಿನದು. ಅಗಲ ಭಾಗದಿಂದ ಗೊರಸನ್ನು ಸವರುತ್ತಾರೆ, ಸುರುಳಿ ತುದಿಯಿಂದ ಗೊರಸಿನ ತಳದ ಸಂದಿಯನ್ನು ಕೆರೆದು ತೆಗೆಯುತ್ತಾರೆ. ಇದರ ಜೊತೆ ಗೊಂದಲವಾಗುವ ಇನ್ನೊಂದಿದೆ. ಅದರಲ್ಲಿ ತುಂಬಾ ಚಿಕ್ಕ ಕೊಕ್ಕೆ, ಒಳಗೆ ಗಟಾರದ ಆಕಾರದ ಹರಿತ. ಅದು ದಿಮ್ಮಿ ಮತ್ತು ಪೀಪಾಯಿಗಳ ಮೇಲೆ ಗುರುತು ಕೊರೆಯುವ ಸ್ಕ್ರೈಬ್. ಉದ್ದನೆಯ ತೆಳು ಪಟ್ಟಿ, ತುದಿಯಲ್ಲಿ ಎರಡೂ ಬದಿ ಕೊಕ್ಕೆ, ಹಿಡಿಯ ಹತ್ತಿರ ಮೆಟ್ಟಿಲಿನಂತೆ ಬಾಗಿದ್ದರೆ ಸ್ಲೇಟ್ ಛಾವಣಿಯವರ ರಿಪ್ಪರ್. ಸ್ಲೇಟಿನ ಕೆಳಗೆ ತೂರಿಸಿ, ಕೊಕ್ಕೆಯನ್ನು ಮೊಳೆಗೆ ಸಿಕ್ಕಿಸಿ, ಆ ಬಾಗಿದ ಜಾಗಕ್ಕೆ ಸುತ್ತಿಗೆಯಿಂದ ಹೊಡೆದರೆ ಮೊಳೆ ಕಡಿದು ಬರುತ್ತದೆ.

ಇಕ್ಕಳದ ಜಾತಿಯಲ್ಲಿ ಮೊದಲ ಪರೀಕ್ಷೆ: ಅದುಮಿದಾಗ ಬಾಯಿ ಮುಚ್ಚುತ್ತದೋ ತೆರೆಯುತ್ತದೋ? ತೆರೆದರೆ ಅದರ ಕೆಲಸ ಏನನ್ನೋ ಹಿಗ್ಗಿಸುವುದು. ಉದ್ದನೆಯ ನಯವಾದ ಮರದ ಬಾಯಿ ಇದ್ದರೆ ಕೈಗವಸಿನ ಬೆರಳುಗಳನ್ನು ಹಿಗ್ಗಿಸಲು. ಮೊನಚಾದ ಉಕ್ಕಿನ ತುದಿ ಇದ್ದರೆ ಯಂತ್ರದ ಸರ್ಕ್ಲಿಪ್ (ಭಾಗಗಳನ್ನು ಜಾರದಂತೆ ಹಿಡಿಯುವ ಸೀಳು ಬಳೆ) ಬಿಡಿಸಲು. ಇನ್ನು ಬಾಯಿ ಮುಚ್ಚುವಂಥವು. ಪೂರ್ತಿ ಕೂಡದೆ ಸ್ವಲ್ಪ ಸಂದಿ ಉಳಿದರೆ ಅಷ್ಟು ದಪ್ಪದ್ದನ್ನೇ ಹಿಡಿಯಲು ಮಾಡಿದ್ದಿರಬಹುದು. ಬಾಯಿಯೊಳಗೆ ಎರಡು ಗುಂಡು ಅಚ್ಚು, ಅದರಲ್ಲಿ ಅಕ್ಷರ ಇದ್ದರೆ ಸೀಸದ ಸೀಲು ಒತ್ತಲು. ಒಂದು ಚಿಕ್ಕ ಒತ್ತುಗಡ್ಡಿ, ಅದರ ಎದುರು ಅಂಕಿಗಳಿರುವ ತಿರುಗುವ ಬಿಲ್ಲೆ ಇದ್ದರೆ ಗರಗಸದ ಹಲ್ಲುಗಳನ್ನು ಒಂದು ಆಚೆ ಒಂದು ಈಚೆ ಬಾಗಿಸುವ ಸಾ ಸೆಟ್. ಆ ಅಂಕಿ ಇಂಚಿಗೆ ಎಷ್ಟು ಹಲ್ಲು ಅನ್ನುವುದನ್ನು ಹೇಳುತ್ತದೆ.

ಬಾಯಿ ಅಗಲವಾಗಿ, ಒಳಗೆ ಗೆರೆ ಗೆರೆಯಾಗಿ, ಕೆಳದವಡೆಯ ಕೆಳಗೆ ಸುತ್ತಿಗೆಯಂಥ ಗಟ್ಟಿ ಗುಬುಟು ಇರುವ ಇಕ್ಕಳ ನನಗೆ ಬಹಳ ಇಷ್ಟ. ಷೂ ಮಾಡುವವರು ಮೇಲಿನ ಚರ್ಮವನ್ನು ಮರದ ಅಚ್ಚಿನ ಮೇಲೆ ಬಿಗಿಯಾಗಿ ಎಳೆಯಬೇಕು, ಎಳೆದ ಹಾಗೇ ಹಿಡಿದು ಮೊಳೆ ಹೊಡೆಯಬೇಕು. ಗುಬುಟನ್ನು ಅಚ್ಚಿಗೆ ಆನಿಸಿ ಹಿಡಿ ಕೆಳಗೊತ್ತಿದರೆ ಚರ್ಮ ಮೇಲೆದ್ದು ಬಿಗಿಯುತ್ತದೆ. ಆ ಕೈ ಬಿಡದೆ ಅದೇ ಗುಬುಟಿನಿಂದ ಮೊಳೆ ಬಡಿಯಬಹುದು. ಎಳೆಯುವುದು, ಮೀಟುವುದು, ಹೊಡೆಯುವುದು ಮೂರೂ ಒಂದೇ ಸಾಮಾನಿನಲ್ಲಿ. ಲಾಸ್ಟಿಂಗ್ ಪಿನ್ಸರ್ ಅಂತ ಅದರ ಹೆಸರು. ಗುಬುಟಿಗೆ ಕಾರಣ ಸಿಗುವವರೆಗೆ ಅದು ಬರೀ ವಿಚಿತ್ರ ಇಕ್ಕಳ.

ಕೊರೆಯುವ ತುದಿಗಳನ್ನು ಬೇಗ ಗುರುತಿಸಬಹುದು. ಶಂಕುವಿನಂತೆ ಅಗಲವಾಗುತ್ತಾ ಹೋಗಿ ಒಂದು ಅಂಚು ಹರಿತವಿದ್ದರೆ ಪೀಪಾಯಿಯ ಬಿರಡೆ ತೂತನ್ನು ದೊಡ್ಡದು ಮಾಡಲು. ಉದ್ದುದ್ದ ಸೀಳಿದ ಅರ್ಧ ಕೊಳವೆ, ಮೇಲೆ ಟಿ ಹಿಡಿ ಇದ್ದರೆ ಬಡಗಿಯದ್ದು ಅಂತ ಅವಸರಪಡಬೇಡಿ. ಚೀಸ್ ಗಡ್ಡೆಯೊಳಗೆ ಚುಚ್ಚಿ, ತಿರುಗಿಸಿ, ನಡುವಿನಿಂದ ಒಂದು ಎಳೆ ಹೊರತೆಗೆದು ರುಚಿ ನೋಡುವ ಸಾಧನವೂ ಹೀಗೇ ಇರುತ್ತದೆ. ಅದರ ಅಂಚು ತೆಳು, ತುದಿಯಲ್ಲಿ ಸ್ಕ್ರೂ ಇರುವುದಿಲ್ಲ, ಗಟ್ಟಿ ಮರಕ್ಕೆ ಹಾಕಿದರೆ ಬಾಗಿಯೇ ಹೋಗುತ್ತದೆ.

ಸುತ್ತಿಗೆಗಳಲ್ಲಿ ಮುಖ ನೋಡಿ. ಅಗಲವಾಗಿ ಸ್ವಲ್ಪ ಉಬ್ಬಿದ್ದರೆ ಚರ್ಮ ಬಡಿಯಲು. ತಲೆ ಸಣ್ಣಗೆ ಬಾಗಿ ಒಂದು ತುದಿಗೆ ಅಯಸ್ಕಾಂತ ಇದ್ದರೆ ಸೋಫಾ, ಕುರ್ಚಿಗೆ ಬಟ್ಟೆ ಹೊದಿಸುವವರದು. ಮುಖದ ತುಂಬ ಸಾಲು ಸಾಲು ಚೂಪು ಹಲ್ಲಿದ್ದರೆ ಕಲ್ಲಿನ ಮೇಲ್ಮೈ ಹದ ಮಾಡಲು. ಉಬ್ಬಿದ ಅಕ್ಷರ ಇದ್ದರೆ ದಿಮ್ಮಿಯ ತಲೆಗೆ ಮಾಲೀಕನ ಗುರುತು ಒತ್ತಲು. ಉದ್ದನೆಯ ಮರದ ತಲೆ, ಎರಡೂ ತುದಿಗೆ ಕಬ್ಬಿಣದ ಬಳೆ, ತಲೆಯಲ್ಲಿ ಆರಪಾರ ಸೀಳು ಇದ್ದರೆ ಮರದ ಹಡಗಿನ ಹಲಗೆ ಸಂದಿಗೆ ನಾರು ತುಂಬುವವರ ಕೊಡತಿ.

ಹಂತ 4: ಸವೆತವನ್ನು ಓದಿ

ಆಕಾರ ನೋಡಿದರೆ ಮಾಡಿದವನ ಉದ್ದೇಶ ಗೊತ್ತಾಗುತ್ತದೆ, ಸವೆತ ನೋಡಿದರೆ ಬಳಸಿದವನ ಕೆಲಸ ಗೊತ್ತಾಗುತ್ತದೆ. ಎರಡೂ ಹೊಂದಿಕೆಯಾದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಹೊಂದದಿದ್ದರೆ ಅದು ಎರಡನೇ ಕೆಲಸಕ್ಕೆ ಬಿದ್ದ ಸಾಮಾನು. ಉಳಿಯ ತುದಿ ಚಿಪ್ಪು ಚಿಪ್ಪಾಗಿ ಎದ್ದು ಬೆನ್ನಿಗೆ ಬಣ್ಣ ಅಂಟಿದ್ದರೆ ಅದರಿಂದ ಡಬ್ಬಿಯ ಮುಚ್ಚಳ ಎಬ್ಬಿಸಿದ್ದಾರೆ. ಚಾಕುವಿನ ಮೈಮೇಲೆ ಮಸುಕಾದ ಅಡ್ಡ ಗೆರೆಗಳ ಜಾಲ ಕಂಡರೆ ಅದು ಹಿಂದೆ ಲೋಹ ಉಜ್ಜುವ ಅರವಾಗಿತ್ತು. ಸವೆದ ಅರವನ್ನು ಬಿಸಾಡದೆ ಬೇರೆ ಹತಾರ ಮಾಡಿಕೊಳ್ಳುವುದು ಎಲ್ಲ ಕಡೆ ಇದ್ದ ರೂಢಿ.

ಹಿಡಿಯ ಮೇಲೆ ಹೆಬ್ಬೆರಳಿನ ಗುಳಿ ಯಾವ ಬದಿಗಿದೆ ನೋಡಿ, ಎಡಗೈಯವರದ್ದೋ ಬಲಗೈಯವರದ್ದೋ ಗೊತ್ತಾಗುತ್ತದೆ. ಹೊಳಪು ಎಲ್ಲಿದೆ ಅನ್ನುವುದೂ ಮುಖ್ಯ. ಬಟ್ಟೆ, ಚರ್ಮ, ನಾರು ಲೋಹವನ್ನು ನಯ ಮಾಡುತ್ತವೆ. ಕಲ್ಲು, ಗಾರೆ ಗೀರು ಹಾಕುತ್ತವೆ. ಒಂದೇ ಜಾಗದಲ್ಲಿ ಆಳವಾದ ತೋಡು ಬಿದ್ದಿದ್ದರೆ ಅಲ್ಲಿ ದಾರವೋ ತಂತಿಯೋ ಓಡಾಡಿದೆ.

ಇಲ್ಲದ ಭಾಗವನ್ನೂ ಹುಡುಕಿ. ಖಾಲಿ ಸ್ಕ್ರೂ ತೂತು, ತುಕ್ಕು ಕಡಿಮೆ ಹಿಡಿದ ಚೌಕ ಜಾಗ, ಏನನ್ನೂ ಹಿಡಿಯದ ಸೀಳು, ಇವೆಲ್ಲ ಅಲ್ಲಿ ಮತ್ತೊಂದು ಭಾಗ ಕೂತಿತ್ತು ಅಂತ ಹೇಳುತ್ತವೆ. ನಿಮ್ಮ ಕೈಲಿರುವುದು ಅರ್ಧ ಉಪಕರಣ ಆಗಿರಬಹುದು.

ಹಂತ 5: ಲೋಹ, ತಯಾರಿ, ಕಾಲ

ಎರಕ ಹೊಯ್ದದ್ದೋ ಬಡಿದು ಮಾಡಿದ್ದೋ ಅನ್ನುವುದಕ್ಕೆ ಅಚ್ಚಿನ ಗೆರೆ ನೋಡಿ. ಗೆರೆ ಸಣ್ಣಗೆ, ಎಳೆಯಂತೆ ಇದ್ದರೆ ಎರಕ. ಅಗಲವಾದ, ತೇಯ್ದ ಪಟ್ಟಿ ಕಂಡರೆ ಅಚ್ಚಿನಲ್ಲಿಟ್ಟು ಯಂತ್ರದಿಂದ ಬಡಿದದ್ದು. ಗೆರೆಯೇ ಇಲ್ಲ, ಮೈಯೆಲ್ಲ ಸುತ್ತಿಗೆಯ ಗುರುತು ಅಂದರೆ ಕಮ್ಮಾರನ ಕೈಕೆಲಸ. ಹಳೆಯ ಮೆದು ಕಬ್ಬಿಣಕ್ಕೆ ತುಕ್ಕು ಹಿಡಿದಾಗ ಮರದ ಎಳೆಯಂಥ ಗೆರೆಗಳು ಏಳುತ್ತವೆ. 1856ರಲ್ಲಿ ಹೆನ್ರಿ ಬೆಸೆಮರ್ ಅಗ್ಗವಾಗಿ ಉಕ್ಕು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದಿನ ದಶಕಗಳಲ್ಲಿ ಆ ಎಳೆಗಬ್ಬಿಣ ನಿಧಾನವಾಗಿ ಮಾಯವಾಯಿತು. ಅದಕ್ಕೂ ಮುಂಚೆ ಉಕ್ಕು ದುಬಾರಿ. ಹಾಗಾಗಿ ಕಬ್ಬಿಣದ ಮೈಗೆ ಅಂಚಿನಲ್ಲಿ ಮಾತ್ರ ಉಕ್ಕಿನ ತುಂಡು ಬೆಸೆಯುತ್ತಿದ್ದರು. ಅಲಗಿನ ಹತ್ತಿರ ಬಣ್ಣ ಬದಲಾಗುವ ಒಂದು ಗೆರೆ ಕಂಡರೆ ಅದೇ ಈ ಬೆಸುಗೆ.

ಚಿಕ್ಕ ಅರವನ್ನು ಕಾಣದ ಜಾಗದಲ್ಲಿ ಒಮ್ಮೆ ಮೆಲ್ಲಗೆ ಎಳೆದು ನೋಡಿ. ಕಚ್ಚದೆ ಜಾರಿದರೆ ಅಲ್ಲಿ ಉಕ್ಕನ್ನು ಗಟ್ಟಿ ಮಾಡಿದ್ದಾರೆ. ಗಟ್ಟಿ ಮಾಡಿದ ಜಾಗವೇ ಕೆಲಸ ಮಾಡುವ ಜಾಗ.

ಸ್ಕ್ರೂ ಕೂಡ ಕಾಲ ಹೇಳುತ್ತದೆ. ಮರದ ಸ್ಕ್ರೂ ತುದಿ ಮೊಂಡಾಗಿದ್ದು ತಲೆಯ ಸೀಳು ನಡುವಿಗೆ ಬಾರದೆ ಓರೆಯಾಗಿದ್ದರೆ ಹೆಚ್ಚಾಗಿ 19ನೇ ಶತಮಾನದ ಮೊದಲರ್ಧದ್ದು ಅಥವಾ ಅದಕ್ಕೂ ಹಿಂದಿನದು. ಪ್ಲಸ್ ಆಕಾರದ ಫಿಲಿಪ್ಸ್ ತಲೆ ಬಂದದ್ದು 1930ರ ದಶಕದಲ್ಲಿ. ಹಳದಿ ಛಾಯೆಯ ಮೆತ್ತನೆ ಹೊಳಪಿನ ಲೇಪ ನಿಕಲ್, ಇದು 19ನೇ ಶತಮಾನದಲ್ಲೇ ಇತ್ತು. ನೀಲಿ ಛಾಯೆಯ ಕನ್ನಡಿ ಹೊಳಪು ಕ್ರೋಮ್, ಅದು 1920ರ ದಶಕದ ನಂತರದ್ದು. ಆದರೆ ಸ್ಕ್ರೂ ಬದಲಾಯಿಸಿರಬಹುದು, ಹಿಡಿ ಹೊಸದಾಗಿ ಹಾಕಿರಬಹುದು. ಒಂದೇ ಸುಳಿವಿನ ಮೇಲೆ ಕಾಲ ನಿರ್ಧರಿಸಬೇಡಿ.

ಹಂತ 6: ಅಂಕಿ ಮತ್ತು ಅಳತೆ

ತಾಳೆಯಾಗದ ಸ್ಕೇಲಿಗೆ ಬರೋಣ. ಎರಕಕ್ಕೆ ಮರದ ಮಾದರಿ ಮಾಡುವವರ ಸ್ಕೇಲು ಅದು. ಕಾದ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ. ಎರಕದ ಕಬ್ಬಿಣ ಒಂದು ಅಡಿಗೆ ಸುಮಾರು ಎಂಟನೇ ಒಂದು ಇಂಚು ಕುಗ್ಗುತ್ತದೆ. ಅದಕ್ಕೆ ಸ್ಕೇಲನ್ನೇ ಅಷ್ಟು ಉದ್ದ ಮಾಡಿಬಿಟ್ಟರು. ಆಗ ಮಾದರಿ ಮಾಡುವವನು ಪ್ರತಿ ಅಳತೆಗೂ ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಎಷ್ಟು ಸರಳ ಉಪಾಯ ಅಲ್ವಾ? ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಶ್ರಿಂಕ್ ಅಥವಾ ಕಾಂಟ್ರಾಕ್ಷನ್ ಅಂತ ಇದೆಯಾ ನೋಡಿ.

ಸುತ್ತಲೂ ಕಚ್ಚುಗಳಿರುವ ಉಕ್ಕಿನ ಬಿಲ್ಲೆ ತಂತಿ, ತಗಡಿನ ದಪ್ಪ ಅಳೆಯಲು. ಕಚ್ಚಿನ ಬುಡದಲ್ಲಿ ಒಂದು ಗುಂಡು ತೂತು ಇರುತ್ತದೆ. ಬಹಳ ಜನ ತಂತಿಯನ್ನು ಆ ತೂತಿಗೆ ತೂರಿಸಿ ನೋಡುತ್ತಾರೆ. ಅಳತೆ ಇರುವುದು ಕಚ್ಚಿನಲ್ಲಿ. ತೂತು ತಂತಿ ಸುಲಭವಾಗಿ ಹೊರಬರಲಿ ಅಂತ.

ಹಳೆಯ ಬ್ರಿಟಿಷ್ ಸ್ಪ್ಯಾನರ್ ಮೇಲೆ ಅರ್ಧ ಅಂತ ಬರೆದಿದ್ದು, ಜೊತೆಗೆ ಡಬ್ಲ್ಯು ಅಕ್ಷರ ಇದ್ದರೆ ಬಾಯಿ ಅರ್ಧ ಇಂಚಿಗಿಂತ ಬಹಳ ಅಗಲ ಇರುತ್ತದೆ. ಅದು ವಿಟ್‌ವರ್ತ್ ಅಳತೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಸ್ಕ್ರೂ ಮರೆಯ (ಸ್ಕ್ರೂ ಮೈಮೇಲಿನ ಸುರುಳಿ ಗೆರೆಗಳ) ಪದ್ಧತಿಯಿಂದ ಬಂದದ್ದು. ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ನಟ್ಟಿನ ಅಗಲವನ್ನಲ್ಲ.

ಹಂತ 7: ಮುದ್ರೆ ಮತ್ತು ಪೇಟೆಂಟ್

ಅಕ್ಷರ ಸಿಕ್ಕರೆ ಖುಷಿಪಡಿ, ಆದರೆ ಯಾರ ಅಕ್ಷರ ಅಂತ ಮೊದಲು ನೋಡಿ. ಮರದ ತೋಪಡದ (ಹಲಗೆ ಹೆರೆದು ನಯ ಮಾಡುವ ಸಾಧನ) ಮುಂಭಾಗದ ಮೇಲೆ ನಡುವಿನಲ್ಲಿ ಅಚ್ಚುಕಟ್ಟಾಗಿ ಒತ್ತಿದ್ದರೆ ಅದು ಹೆಚ್ಚಾಗಿ ತಯಾರಕನದು. ಅಲ್ಲಲ್ಲಿ ವಾರೆಯಾಗಿ, ಎರಡು ಮೂರು ಬಾರಿ ಒತ್ತಿದ್ದರೆ ಮಾಲೀಕನದು. ಒಂದೇ ತೋಪಡದಲ್ಲಿ ಹಲವು ಮಾಲೀಕರ ಹೆಸರು ಸಿಗುವುದು ಮಾಮೂಲಿ.

ಕಾಸ್ಟ್ ಸ್ಟೀಲ್ ಅನ್ನುವ ಮುದ್ರೆ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಇದು ಎರಕದ ಕಬ್ಬಿಣ ಅಲ್ಲವೇ ಅಲ್ಲ. ಮೂಸೆಯಲ್ಲಿ ಕರಗಿಸಿ ತಯಾರಿಸಿದ ಉತ್ತಮ ಉಕ್ಕು. 1740ರ ದಶಕದಲ್ಲಿ ಶೆಫೀಲ್ಡ್‌ನ ಬೆಂಜಮಿನ್ ಹಂಟ್ಸ್‌ಮನ್ ರೂಪಿಸಿದ ವಿಧಾನ. ಆ ಮುದ್ರೆ ಕಂಡರೆ ಒಳ್ಳೆಯ ಅಲಗು ಅಂತ ಅರ್ಥ. ಗರಗಸದ ಹಿಡಿಯ ಬಿಲ್ಲೆಯ ಮೇಲೆ ವಾರೆಂಟೆಡ್ ಸುಪೀರಿಯರ್ ಅಂತ ಇದ್ದರೆ ಅದು ಕಂಪನಿಯ ಹೆಸರಲ್ಲ, ಬೇರೆ ಬೇರೆ ತಯಾರಕರು ಬಳಸಿದ ಮಾತು.

ದೇಶದ ಹೆಸರು ಸಹಾಯ ಮಾಡುತ್ತದೆ. ಅಮೆರಿಕದ 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ ಹೊರದೇಶದ ಸರಕಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕು ಅಂತ ಹೇಳಿತು. ಹಾಗಾಗಿ ಇಂಗ್ಲೆಂಡ್, ಜರ್ಮನಿ ಅಂತ ಬರೆದಿದ್ದರೆ ಹೆಚ್ಚಾಗಿ ಅದರ ನಂತರದ್ದು. ಡಿ.ಆರ್.ಪಿ. ಅಂದರೆ 1877ರಲ್ಲಿ ಶುರುವಾದ ಜರ್ಮನ್ ಪೇಟೆಂಟ್. ಡಿ.ಆರ್.ಜಿ.ಎಂ. ಅನ್ನುವುದು ಅದೇ ದೇಶದಲ್ಲಿ 1891ರಿಂದ ಬಂದ ಚಿಕ್ಕ ಮಟ್ಟದ ನೋಂದಣಿ. ಎಸ್.ಜಿ.ಡಿ.ಜಿ. ಇದ್ದರೆ ಫ್ರಾನ್ಸಿನ ಪೇಟೆಂಟ್. ಬಾಣದ ಮೊನೆಯಂಥ ಮೂರು ಗೆರೆ ಇದ್ದರೆ ಬ್ರಿಟಿಷ್ ಸರ್ಕಾರದ, ಹೆಚ್ಚಾಗಿ ಸೈನ್ಯದ ಆಸ್ತಿ. ವಿಳಾಸದಲ್ಲಿ ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಕಂಡರೆ 1963ಕ್ಕಿಂತ ಹಿಂದಿನದ್ದಲ್ಲ.

ಅಮೆರಿಕದ ಪೇಟೆಂಟ್ ದಿನಾಂಕಕ್ಕೆ ಒಂದು ಸೊಗಸಾದ ಪರೀಕ್ಷೆ ಇದೆ. ಅಲ್ಲಿ ಪೇಟೆಂಟ್ ಕೊಡುವುದು ಮಂಗಳವಾರ. ಸ್ಟ್ಯಾನ್ಲಿ ಕಂಪನಿಯ ಕಬ್ಬಿಣದ ತೋಪಡಗಳಲ್ಲಿ ಅಲಗಿನ ಹಿಂದೆ ಮೂರು ದಿನಾಂಕ ಇರುವ ಒಂದು ಮಾದರಿ ಇದೆ: 1902ರ ಮಾರ್ಚ್ 25, 1902ರ ಆಗಸ್ಟ್ 19, 1910ರ ಏಪ್ರಿಲ್ 19. ಮೂರೂ ಮಂಗಳವಾರವೇ. ತುಕ್ಕಿನಲ್ಲಿ 3 ಮತ್ತು 8, 1 ಮತ್ತು 7 ಗೊಂದಲವಾದಾಗ ಹಳೆಯ ಕ್ಯಾಲೆಂಡರ್ ತೆಗೆದು ವಾರ ನೋಡಿ. ಮಂಗಳವಾರ ಬರದಿದ್ದರೆ ಅಂಕಿಯನ್ನು ಮತ್ತೊಮ್ಮೆ ಓದಬೇಕು.

ನಂಬರ್ ಮಾತ್ರ ಇದ್ದರೂ ಸಾಕು. ಅಮೆರಿಕದ ಪೇಟೆಂಟ್ ಸಂಖ್ಯೆ 10 ಲಕ್ಷ ಮುಟ್ಟಿದ್ದು 1911ರಲ್ಲಿ, 20 ಲಕ್ಷ 1935ರಲ್ಲಿ, 30 ಲಕ್ಷ 1961ರಲ್ಲಿ. ಒಂದು ಮಾತು ನೆನಪಿರಲಿ. ಪೇಟೆಂಟ್ ದಿನಾಂಕ ತಯಾರಾದ ದಿನ ಅಲ್ಲ. ಆಗ ಪೇಟೆಂಟ್ 17 ವರ್ಷ ನಡೆಯುತ್ತಿತ್ತು, ಎಷ್ಟೋ ಕಂಪನಿಗಳು ಅವಧಿ ಮುಗಿದ ಮೇಲೂ ಹಳೆಯ ಅಚ್ಚನ್ನೇ ಬಳಸಿದವು. ಆ ದಿನಾಂಕಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ಹಂತ 8: ಎಲ್ಲವನ್ನೂ ಸೇರಿಸಿ ಯೋಚಿಸಿ

ಎರಡು ಸಾಮಾನುಗಳನ್ನು ಜೊತೆಯಾಗಿ ನೋಡೋಣ.

ಮೊದಲನೆಯದು ಒಂದು ಹಿಡಿ, ಅದರ ತುದಿಯ ಕವೆಯಲ್ಲಿ ತಿರುಗುವ ತೆಳುವಾದ ಕಬ್ಬಿಣದ ಗಾಲಿ. ಕತ್ತರಿಸುವ ಗಾಲಿ ಅನ್ನಬಹುದು, ಆದರೆ ಅಂಚು ಹರಿತವಿಲ್ಲ, ಯಾವತ್ತೂ ಹರಿತ ಇದ್ದ ಗುರುತೂ ಇಲ್ಲ. ಬಟ್ಟೆಯ ಮೇಲೆ ಚುಕ್ಕಿ ಹಾಕುವ ದರ್ಜಿಯ ಗಾಲಿ ಅನ್ನಬಹುದು, ಆದರೆ ಹಲ್ಲುಗಳಿಲ್ಲ, ಅದಕ್ಕೆ ಇದು ತುಂಬಾ ದೊಡ್ಡದೂ ಹೌದು. ಅಂಚಿನ ಹತ್ತಿರ ಒಂದೇ ಒಂದು ಗೀರು ಇದೆ. ಈ ಗೀರೇ ಬೀಗದ ಕೈ. ತಿರುಗುವ ಗಾಲಿಗೆ ಒಂದೇ ಗುರುತು ಯಾಕೆ ಬೇಕು? ಎಷ್ಟು ಸುತ್ತು ಆಯಿತು ಅಂತ ಎಣಿಸಲು. ಅಂದರೆ ಇದು ಅಳತೆಯ ಸಾಧನ, ಬಾಗಿದ ಉದ್ದವನ್ನು ಅಳೆಯುವಂಥದ್ದು. ಗಾಡಿ ಚಕ್ರದ ಹೊರ ಅಂಚಿನ ಮೇಲೆ ಇದನ್ನು ಉರುಳಿಸಿ ಸುತ್ತು ಎಣಿಸುತ್ತಾರೆ. ಆಮೇಲೆ ಕಬ್ಬಿಣದ ಪಟ್ಟಿಯ ಮೇಲೆ ಉರುಳಿಸಿ ಅದನ್ನು ಚಕ್ರದ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿ ಮಾಡುತ್ತಾರೆ. ಪಟ್ಟಿ ಕಾದಾಗ ಹಿಗ್ಗಿ ಚಕ್ರಕ್ಕೆ ಕೂರುತ್ತದೆ, ನೀರು ಹೊಯ್ದಾಗ ಕುಗ್ಗಿ ಇಡೀ ಚಕ್ರವನ್ನು ಬಿಗಿ ಹಿಡಿಯುತ್ತದೆ. ಟ್ರಾವೆಲರ್ ಅಂತ ಇದರ ಹೆಸರು. ಹಿಡಿ, ಕವೆ, ಹರಿತವಿಲ್ಲದ ಅಂಚು, ಗೀರು, ನಾಲ್ಕಕ್ಕೂ ಕಾರಣ ಸಿಕ್ಕಿತು.

ಎರಡನೆಯದು ಒಂದು ದಪ್ಪ ಹಲಗೆ, ನಡುವೆ ಒತ್ತೊತ್ತಾಗಿ ನಿಂತ ಉದ್ದನೆಯ ಚೂಪು ಮೊಳೆಗಳು. ನೋಡಿದವರು ಚಿತ್ರಹಿಂಸೆಯ ಸಾಧನ ಅಂತ ಹೇಳಿಬಿಡುತ್ತಾರೆ. ಇಂಥ ಭಯಾನಕ ಉತ್ತರಗಳನ್ನು ನಾನು ಯಾವಾಗಲೂ ಕೊನೆಗೆ ಇಡುತ್ತೇನೆ. ಸಾಕ್ಷಿ ನೋಡಿ. ಹಲಗೆಯ ಎರಡೂ ತುದಿಗೆ ತೂತಿದೆ, ಅಂದರೆ ಬೆಂಚಿಗೆ ಬಿಗಿಯುತ್ತಿದ್ದರು. ಹಿಡಿಯಿಲ್ಲ, ಅಂದರೆ ಸಾಮಾನು ನಿಂತಲ್ಲೇ ಇರುತ್ತದೆ, ಕೆಲಸದ ವಸ್ತುವೇ ಅದರ ಹತ್ತಿರ ಬರುತ್ತದೆ. ಮೊಳೆಗಳ ಮೇಲ್ಭಾಗ ನಯವಾಗಿ ಹೊಳೆಯುತ್ತದೆ, ಬುಡದಲ್ಲಿ ಎಳೆಗಳು ಸಿಕ್ಕಿಕೊಂಡಿವೆ. ಅಗಸೆ, ಸೆಣಬಿನಂಥ ನಾರನ್ನು ಬಾಚಿ, ಗಿಡ್ಡ ಎಳೆ ಬಿಡಿಸಿ, ಉದ್ದ ಎಳೆ ಉಳಿಸುವ ಹ್ಯಾಕಲ್ ಇದು. ಮೊದಲು ವಿರಳ ಮೊಳೆಯದು, ಆಮೇಲೆ ಒತ್ತು ಮೊಳೆಯದು, ಹೀಗೆ ಒಂದಾದ ಮೇಲೊಂದು ಬಳಸುತ್ತಿದ್ದರು.

ಹಂತ 9: ಈಗ ಹೆಸರು ಹುಡುಕಿ

ಹುಡುಕುವಾಗ ಕೆಲಸ, ವಸ್ತು, ಆಕಾರ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬರೆಯಿರಿ. ಹಳೆಯ ಕ್ಯಾಟಲಾಗ್‌ಗಳು ಬಹಳಷ್ಟು ಆ ಭಾಷೆಯಲ್ಲಿವೆ. ಬರೀ ಫೋಟೋ ಹಾಕಿ ಹುಡುಕಿದರೆ ನೋಡಲು ಒಂದೇ ಥರ ಇರುವುದು ಸಿಗುತ್ತದೆ, ಕೆಲಸ ಬೇರೆಯೇ ಇರಬಹುದು.

ಹಳೆಯ ವ್ಯಾಪಾರಿ ಕ್ಯಾಟಲಾಗ್‌ಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಅಮೆರಿಕದ ಉಪಕರಣ ಪೇಟೆಂಟ್‌ಗಳಿಗೆ ಡೇಟ್‌ಆಂಪ್ ಅನ್ನುವ ಸೂಚಿ ಇದೆ, ಉಳಿದವಕ್ಕೆ ಗೂಗಲ್ ಪೇಟೆಂಟ್ಸ್ ಮತ್ತು ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪೇಸ್‌ನೆಟ್. ಇಲ್ಲಿ ವರ್ಗದ ಸಂಕೇತ (ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸುವ ಅಕ್ಷರ, ಅಂಕಿ) ಹಾಕಿ ಹುಡುಕುವುದು ನನಗೆ ಹೆಚ್ಚು ಫಲ ಕೊಟ್ಟಿದೆ. ಪಾದರಕ್ಷೆ ತಯಾರಿಯ ಉಪಕರಣಗಳಿಗೆ ಎ43ಡಿ, ಲಾಳ ಕಟ್ಟುವುದಕ್ಕೆ ಎ01ಎಲ್, ಕೈಯಲ್ಲಿ ಹಿಡಿಯುವ ಕತ್ತರಿಸುವ ಸಾಧನಗಳಿಗೆ ಬಿ26ಬಿ, ಸ್ಪ್ಯಾನರ್ ಮತ್ತು ಇಕ್ಕಳಗಳಿಗೆ ಬಿ25ಬಿ, ಗಡಿಯಾರ ರಿಪೇರಿಗೆ ಜಿ04ಡಿ. ಪೇಟೆಂಟ್ ಚಿತ್ರದಲ್ಲಿ ಪ್ರತಿ ಭಾಗಕ್ಕೂ ಅಂಕಿ ಹಾಕಿ, ಅದು ಯಾಕಿದೆ ಅಂತ ಬರೆದಿರುತ್ತಾರೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ವಸ್ತುಸಂಗ್ರಹಾಲಯಗಳಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮ್ಯೂಸಿಯಂ ಆಫ್ ಇಂಗ್ಲಿಷ್ ರೂರಲ್ ಲೈಫ್ ಬೇಸಾಯ ಮತ್ತು ಹಳ್ಳಿ ಕಸುಬಿನ ಸಾಮಾನುಗಳಿಗೆ ಒಳ್ಳೆಯದು. ಅಮೆರಿಕದ ಪೆನ್ಸಿಲ್ವೇನಿಯಾದ ಡಾಯ್ಲ್‌ಸ್‌ಟೌನ್‌ನಲ್ಲಿ ಹೆನ್ರಿ ಮರ್ಸರ್ ಕಟ್ಟಿಸಿದ ಮರ್ಸರ್ ಮ್ಯೂಸಿಯಂ ಯಂತ್ರಯುಗದ ಹಿಂದಿನ ಕಸುಬುಗಳಿಗೇ ಮೀಸಲು. ಫ್ರಾನ್ಸಿನ ತ್ರುವಾ ಪಟ್ಟಣದಲ್ಲಿ ಕೈ ಉಪಕರಣಗಳಿಗಾಗಿಯೇ ಒಂದು ಸಂಗ್ರಹಾಲಯ ಇದೆ. 1933ರಲ್ಲಿ ಶುರುವಾದ ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್ ಹಳೆಯ ಉಪಕರಣಗಳ ಅಧ್ಯಯನಕ್ಕೆಂದೇ ಇರುವ ಸಂಘ.

ಬೇರೆಯವರನ್ನು ಕೇಳುವಾಗ ಒಂದು ಫೋಟೋ ಸಾಲದು. ಎರಡೂ ಬದಿ, ತುದಿಯ ಹತ್ತಿರದ ನೋಟ, ಬಾಯಿ ತೆರೆದದ್ದು ಮತ್ತು ಮುಚ್ಚಿದ್ದು, ಪಕ್ಕದಲ್ಲಿ ಸ್ಕೇಲು, ಇಷ್ಟಿರಲಿ. ಎಲ್ಲಿ ಸಿಕ್ಕಿತು, ಜೊತೆಗೆ ಇನ್ನೇನಿತ್ತು ಅಂತ ತಪ್ಪದೆ ಹೇಳಿ. ಪೆಟ್ಟಿಗೆಯಲ್ಲಿ ಉಳಿದವು ಚರ್ಮದ ಕೆಲಸದ್ದಾದರೆ ಇದೂ ಅದೇ ಇರುವ ಸಾಧ್ಯತೆ ಹೆಚ್ಚು. ನಿಮ್ಮ ಊಹೆಯನ್ನು ಮಾತ್ರ ಮೊದಲೇ ಹೇಳಬೇಡಿ, ಕೇಳಿದವರು ಅದರ ಹಿಂದೆಯೇ ಹೋಗುತ್ತಾರೆ. ಆ ಕಸುಬನ್ನು ಮಾಡಿದ ಹಿರಿಯರು ಸಿಕ್ಕರೆ ಫೋಟೋ ತೋರಿಸುವುದಕ್ಕಿಂತ ಸಾಮಾನನ್ನೇ ಕೈಗೆ ಕೊಡಿ. ಹೆಸರು ಮರೆತಿದ್ದರೂ ಹಿಡಿಯುವ ರೀತಿ ಅವರ ಕೈಗೆ ನೆನಪಿರುತ್ತದೆ.

ಕೆಲವಕ್ಕೆ ಹೆಸರು ಸಿಗುವುದೇ ಇಲ್ಲ. ಕೆಲಸಗಾರ ತನ್ನ ಒಂದು ತೊಂದರೆಗೆ ತಾನೇ ಮಾಡಿಕೊಂಡ ಸಾಮಾನು ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ಅಂಥದ್ದಕ್ಕೆ ಬಲವಂತವಾಗಿ ಹೆಸರು ಅಂಟಿಸಬೇಡಿ. ಒಂದು ಚೀಟಿಯಲ್ಲಿ ಅಳತೆ, ಸಿಕ್ಕ ಜಾಗ, ಕಂಡ ಸವೆತ, ನಿಮ್ಮ ಊಹೆ ಮತ್ತು ಅದಕ್ಕೆ ಕಾರಣ ಬರೆಯಿರಿ. ಖಚಿತವಾದದ್ದನ್ನೂ ಊಹೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಚೀಟಿಯನ್ನು ಹತ್ತಿಯ ದಾರದಿಂದ ಹಿಡಿಗೆ ಕಟ್ಟಿ. ಅಂಟು ಟೇಪ್ ಹಾಕಿದರೆ ಕೀಳುವಾಗ ಹಳೆಯ ಮರದ ಮೆರುಗೂ ಕಿತ್ತು ಬರುತ್ತದೆ.